ಬ್ರೇಕರ್ ಇಳಿಸಿದರಷ್ಟೇ ಸಾಲದು

ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹಂಗಾಮು ಶುರುವಾದರೆ ಗಾಣ ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಒಂದು ಮುಖ್ಯ ಮೋಟಾರ್ ನಿಂತರೂ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ, ಕಡಿದ ಕಬ್ಬು ಒಣಗುತ್ತದೆ, ಫೋನ್ ಮೇಲೆ ಫೋನ್. ನಮ್ಮಲ್ಲಿ ಅಪಾಯ ಹುಟ್ಟುವುದೇ ಆ ಗಡಿಬಿಡಿಯಲ್ಲಿ. ಹಂಗಾಮಿನಲ್ಲಿ ಬ್ರೇಕ್‌ಡೌನ್ ಕಡಿಮೆಯಾದಷ್ಟೂ ಅವಸರದಲ್ಲಿ ಪ್ಯಾನೆಲ್‌ಗೆ ಕೈ ಹಾಕುವುದು ಕಡಿಮೆ. ಹಾಗಾಗಿ ಸೇಫ್ಟಿ ಕೆಲಸ, ರಿಪೇರಿ ಕೆಲಸ ಅಂತ ನಾನು ಎರಡು ಮಾಡಿಲ್ಲ.

ಮೊದಲು ಕೀಲಿಯ, ಅಂದರೆ ಬೀಗದ ವಿಚಾರ. ಗಾಣಕ್ಕೆ ಕಬ್ಬು ಒಯ್ಯುವ ಕೇನ್ ಕ್ಯಾರಿಯರ್ ನಿಂತರೆ ಫಿಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಹಿಂದೆ ಇಷ್ಟೂ ಜನಕ್ಕೆ ಒಂದೇ ‘ಕೆಲಸ ನಡೆದಿದೆ’ ಬೋರ್ಡ್ ಇರುತ್ತಿತ್ತು. ಎಲೆಕ್ಟ್ರಿಷಿಯನ್ ತನ್ನ ಕೆಲಸ ಮುಗಿಸಿ ಬೋರ್ಡ್ ತೆಗೆದರೆ, ಕೆಳಗೆ ಫಿಟರ್ ಇನ್ನೂ ಇದ್ದಾನೋ ಇಲ್ಲವೋ ಯಾರಿಗೆ ಗೊತ್ತು? ಈಗ ಒಬ್ಬೊಬ್ಬರಿಗೂ ಸ್ವಂತ ಕೀಲಿ. ಫೀಡರ್ (ಆ ಮೋಟಾರ್‌ಗೆ ಕರೆಂಟ್ ಕೊಡುವ ಸ್ವಿಚ್) ಆಫ್ ಮಾಡಿ, ಹ್ಯಾಂಡಲ್‌ಗೆ ಹಲವು ತೂತಿನ ಹ್ಯಾಸ್ಪ್ (ಕೊಂಡಿ) ಸಿಕ್ಕಿಸುತ್ತೇವೆ. ಅದಕ್ಕೆ ಪ್ರತಿಯೊಬ್ಬನೂ ತನ್ನ ಕೀಲಿ ಹಾಕುತ್ತಾನೆ. ಕೀಲಿಕೈ ಅವನವನ ಕಿಸೆಯಲ್ಲಿ. ಎಲ್ಲರೂ ಬಂದು ಬಿಚ್ಚುವವರೆಗೆ ಹ್ಯಾಂಡಲ್ ಅಲ್ಲಾಡುವುದಿಲ್ಲ.

“ಸಾಹೇಬ್ರ, ಐದು ನಿಮಿಷದ ಕೆಲಸಕ್ಕ ಕೀಲಿ ಯಾಕ್ರಿ?” ಅಂತ ಹಿರಿಯ ಫಿಟರ್ ಒಬ್ಬರು ಕೇಳಿದರು. “ಹಾಕಾಕ ಅರ್ಧ ನಿಮಿಷನೂ ಬ್ಯಾಡ್ರಿ ಕಾಕಾ” ಅಂದೆ. ವಾದ ಮಾಡಿ ಯಾರನ್ನೂ ಒಪ್ಪಿಸಲಿಲ್ಲ. ಕೀಲಿ ಬೀಳದೆ ಕೆಲಸದ ಪರ್ಮಿಟ್‌ಗೆ ಸಹಿ ಹಾಕುವುದನ್ನು ನಿಲ್ಲಿಸಿದೆ, ಅಷ್ಟೇ. ಸ್ಟಾಪ್ ಬಟನ್ ಒತ್ತಿದ್ದೇವೆ ಅನ್ನುವುದು ಲೆಕ್ಕಕ್ಕಿಲ್ಲ. ಮೋಟಾರ್‌ಗೆ ಕರೆಂಟ್ ಕೊಟ್ಟು ತೆಗೆಯುವ ಕಾಂಟ್ಯಾಕ್ಟರ್ ಅಂಟಿಕೊಂಡಿರಬಹುದು. ಕಂಟ್ರೋಲ್ ರೂಮಿನಿಂದ ಯಾರೋ ಸ್ಟಾರ್ಟ್ ಕೊಡಬಹುದು.

ಇನ್ನೊಂದು ತೊಡಕು, ಸಕ್ಕರೆ ಕಾರ್ಖಾನೆಗೆ ಕರೆಂಟ್ ಬರುವುದು ಒಂದೇ ಕಡೆಯಿಂದಲ್ಲ. ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಸುಟ್ಟು ಓಡಿಸುವ ನಮ್ಮದೇ ಟರ್ಬೈನ್ ಇದೆ, ಗ್ರಿಡ್ ಲೈನ್ ಇದೆ, ಡೀಸೆಲ್ ಜನರೇಟರ್ ಇದೆ. ‘ಲೈನ್ ಹೋಗಿದೆ’ ಅನ್ನುವ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಇದಕ್ಕಿಂತ ಕಳ್ಳ ಅಂದರೆ ದೊಡ್ಡ ಮೋಟಾರ್‌ಗಳ ಸ್ಪೇಸ್ ಹೀಟರ್. ಮೋಟಾರ್ ನಿಂತಾಗ ವೈಂಡಿಂಗ್‌ಗೆ ತೇವ ಹಿಡಿಯದಿರಲಿ ಅಂತ ಅದನ್ನು ಇಟ್ಟಿರುತ್ತಾರೆ. ಅಂದರೆ ಮೋಟಾರ್ ಆಫ್ ಆದಾಗಲೇ ಅದು ಆನ್ ಆಗುತ್ತದೆ, ಅದೂ ಎಷ್ಟೋ ಕಡೆ ಬೇರೆ ಸಪ್ಲೈಯಿಂದ. ಮೇನ್ ಬ್ರೇಕರ್ ಇಳಿಸಿ ಟರ್ಮಿನಲ್ ಬಾಕ್ಸ್ ತೆಗೆದವನಿಗೆ ಒಳಗೆ 230 ವೋಲ್ಟ್ ಕಾದಿರುತ್ತದೆ! ಅದಕ್ಕೇ ಒಂದೊಂದು ದೊಡ್ಡ ಮೋಟಾರ್‌ಗೂ ಎಲ್ಲೆಲ್ಲಿಂದ ಕರೆಂಟ್ ಬರುತ್ತದೆ ಅಂತ ಚೀಟಿ ಬರೆದು ಅದರ ಪ್ಯಾನೆಲ್ ಬಾಗಿಲಿಗೆ ಅಂಟಿಸಿದೆವು. ಬರೆಯುವಾಗ ಡ್ರಾಯಿಂಗ್ ನಂಬಲಿಲ್ಲ, ಕೇಬಲ್ ಹಿಡಿದುಕೊಂಡೇ ಹೋದೆವು.

ಮೋಟಾರ್ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್ (ವಿಎಫ್‌ಡಿ) ಇದ್ದ ಕಡೆ ಇನ್ನೂ ಎಚ್ಚರ ಬೇಕು. 415 ವೋಲ್ಟಿನ ವಿಎಫ್‌ಡಿಯಲ್ಲಿ ಡಿಸಿ ಬಸ್ (ಒಳಗೆ ಡಿಸಿ ಕರೆಂಟ್ ಇರುವ ಭಾಗ) 580 ವೋಲ್ಟಿನ ಆಸುಪಾಸು ಇರುತ್ತದೆ. ಸಪ್ಲೈ ತೆಗೆದ ಮೇಲೂ ಕೆಪಾಸಿಟರ್ ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರುತ್ತದೆ. ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾಯಬೇಕು, ಆಮೇಲೂ ಮೀಟರ್ ಹಿಡಿದು ನೋಡಬೇಕು. ಮೀಟರ್ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ಹಿಡಿ, ಆಮೇಲೆ ಕೆಲಸದ ಜಾಗದಲ್ಲಿ ಹಿಡಿ, ಮತ್ತೆ ಗೊತ್ತಿರುವ ಕಡೆ ಹಿಡಿ. ನಡುವೆ ಮೀಟರೇ ಸತ್ತಿದ್ದರೆ ಮೂರನೇ ಸಲಕ್ಕೆ ತಿಳಿಯುತ್ತದೆ. ಟೆಸ್ಟರ್ ಸ್ಕ್ರೂಡ್ರೈವರ್ ಮನೆಯಲ್ಲಿರಲಿ.

ಬಿಸಿ ಜಾಗ ತೋರಿಸುವ ಥರ್ಮಲ್ ಕ್ಯಾಮೆರಾ ತರಿಸುವವರು ಜಾಸ್ತಿ ಜನ ಆಫ್ ಸೀಸನ್‌ನಲ್ಲಿ ತರಿಸುತ್ತಾರೆ. ಲೋಡೇ ಇಲ್ಲದ ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಬಿಸಿಯಾಗುವುದಾದರೂ ಹೇಗೆ? ನಾವು ಹಂಗಾಮಿನ ಕೊನೆಯ ವಾರಗಳಲ್ಲಿ, ಪೂರ್ತಿ ಲೋಡ್ ಇದ್ದಾಗ ನೋಡುತ್ತೇವೆ. ಮೂರು ಫೇಸಿನಲ್ಲಿ ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಗುರುತು. ಕಾರ್ಖಾನೆ ನಿಂತ ಮೇಲೆ ಆ ಪಟ್ಟಿ ಹಿಡಿದು ಲಗ್ ಬಿಚ್ಚಿದರಾಯಿತು. ಬಿಗಿ ಮಾಡಲು ಟಾರ್ಕ್ ಸ್ಪ್ಯಾನರ್, ಮುಗಿದ ಮೇಲೆ ಬೋಲ್ಟ್ ಮೇಲೆ ಬಣ್ಣದ ಗೆರೆ. ಗೆರೆ ಸರಿದಿದ್ದರೆ ಕಣ್ಣಿಗೇ ಕಾಣುತ್ತದೆ.

ಬಗ್ಯಾಸ್ ಧೂಳು ಹಿಟ್ಟಿನ ಹಾಗೆ ಎಲ್ಲೆಲ್ಲೂ ಕೂರುತ್ತದೆ. ಏರ್ ಹೊಡೆದರೆ ಇನ್ನೂ ಒಳಗೆ ಹೋಗುತ್ತದೆ, ವ್ಯಾಕ್ಯೂಮ್‌ನಿಂದ ಎಳೆಯಬೇಕು. ಇಲಿ, ಹಲ್ಲಿ ಬರದಂತೆ ಕೇಬಲ್ ತೂತು ಮುಚ್ಚಬೇಕು. ಖಂಡೆ ಪೂಜೆಗೆ (ಆಯುಧ ಪೂಜೆ) ಕುಂಕುಮ, ಹೂ ಎಲ್ಲ ಪ್ಯಾನೆಲ್ ಬಾಗಿಲಿನ ಹೊರಗೇ ಇರಲಿ. ಇದನ್ನು ಪ್ರತಿ ವರ್ಷ ಹೇಳಬೇಕಾಗುತ್ತದೆ!

ಮಳೆಗಾಲ ಪೂರ್ತಿ ಸುಮ್ನೆ ಕೂತ ಮೋಟಾರ್‌ಗಳಿಗೆ ಮೆಗ್ಗರ್ (ಇನ್ಸುಲೇಷನ್ ಎಷ್ಟು ಗಟ್ಟಿ ಅಂತ ಅಳೆಯುವ ಮೀಟರ್) ಹಾಕುತ್ತೇವೆ. 415 ವೋಲ್ಟ್ ಮೋಟಾರ್‌ಗೆ 500 ವೋಲ್ಟ್ ಮೆಗ್ಗರ್, ಡ್ರೈವ್ ಕೇಬಲ್ ಬಿಚ್ಚಿದ ಮೇಲೆ ಮಾತ್ರ, ಇಲ್ಲದಿದ್ದರೆ ಡ್ರೈವ್ ಕಥೆ ಮುಗಿಯಿತು. ಇಂಥ ಮೋಟಾರ್‌ಗೆ 40 ಡಿಗ್ರಿ ಲೆಕ್ಕದಲ್ಲಿ 5 ಮೆಗಾಓಮ್ ಕನಿಷ್ಠ ಅನ್ನುತ್ತಾರೆ. ಆ ಒಂದು ಅಂಕಿ ನೋಡಿ ಪಾಸ್ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಹೋದ ವರ್ಷ 200 ಇದ್ದದ್ದು ಈ ವರ್ಷ 20 ಆಗಿದ್ದರೆ ಪಾಸ್ ಆದರೂ ಅದು ರೋಗಿ. ಹತ್ತು ಡಿಗ್ರಿ ಬಿಸಿ ಏರಿದರೆ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಪಕ್ಕದಲ್ಲೇ ಡಿಗ್ರಿಯೂ ಬರೆಯಬೇಕು.

ಬಾಯ್ಲರ್ ಪ್ರದೀಪನಕ್ಕೆ (ಹಂಗಾಮಿಗೆ ಬಾಯ್ಲರ್ ಹೊತ್ತಿಸುವುದು) ಮುಂಚೆ ಕೊನೆಯ ಕೆಲಸ ಒಂದಿದೆ. ಲಗ್ ಬಿಚ್ಚಿ ಕೂಡಿಸುವಾಗ ಎರಡು ಫೇಸ್ ಅದಲುಬದಲಾಗಿದ್ದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಅದಕ್ಕೆ ಕಪ್ಲಿಂಗ್ ಬಿಚ್ಚಿಟ್ಟೇ ಓಡಿಸಿ, ದಿಕ್ಕು ನೋಡಿ, ಬೇರಿಂಗ್ ಸದ್ದು ಕೇಳಿ, ಆಮೇಲೆ ಪಂಪಿಗೆ ಜೋಡಿಸುತ್ತೇವೆ. ಜೋಡಿಸುವ ಮೊದಲು ಮತ್ತೆ ಫೀಡರ್ ಆಫ್, ಮತ್ತೆ ಕೀಲಿ.