ಬಿಗ್ ಬ್ಯಾಂಡ್ ಕೇಳುವಾಗ ಬ್ಯಾರಿಟೋನ್ ಹಿಡಿಯಿರಿ

ಬಿಗ್ ಬ್ಯಾಂಡ್‌ನಲ್ಲಿ (ಜಾಝ್‌ನ ದೊಡ್ಡ ವಾದ್ಯತಂಡ) ಅರೇಂಜರ್‌ನ, ಅಂದರೆ ಯಾವ ವಾದ್ಯ ಏನು ನುಡಿಸಬೇಕೆಂದು ಬರೆಯುವವನ ಕೈಚಳಕ ತಿಳಿಯಬೇಕಾದರೆ, ಎರಡನೇ ಸಲ ಕೇಳುವಾಗ ಮುಖ್ಯ ಧಾಟಿ ಬಿಟ್ಟು ಐದು ಸ್ಯಾಕ್ಸೊಫೋನ್‌ಗಳಲ್ಲಿ ಅತಿ ಮಂದ್ರದ ಬ್ಯಾರಿಟೋನ್ ಒಂದನ್ನೇ ಹಿಂಬಾಲಿಸಿ. ಅದು ಮೊದಲ ಆಲ್ಟೋ (ಮೇಲಿನ ಸ್ವರದ ಸ್ಯಾಕ್ಸೊಫೋನ್) ನುಡಿಸುವುದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸಿದಾಗ ಇಡೀ ಸಾಲು ಒತ್ತಾಗಿ, ಒಂದೇ ವಾದ್ಯದಂತೆ ಓಡುತ್ತದೆ. ಅಲ್ಲಿಂದ ಕಳಚಿ ಬಾಸ್ ಟ್ರೊಂಬೋನ್ (ಮಂದ್ರದ ಹಿತ್ತಾಳೆ ವಾದ್ಯ) ಜೊತೆ ತಳ ಹಿಡಿದಾಗ ನಾದ ಒಮ್ಮೆಲೇ ಅಗಲವಾಗುತ್ತದೆ. ಆ ತಿರುವು ಬೇಕೆಂದೇ ಬರೆದದ್ದು. ಫೋನ್ ಸ್ಪೀಕರ್‌ನಲ್ಲಿ ಇದು ಸಿಗದು, ಬ್ಯಾರಿಟೋನ್ 65-70 ಹರ್ಟ್ಜ್‌ವರೆಗೂ ಇಳಿಯುತ್ತದೆ. ನಮ್ಮ ಮೆಟ್ರೋ ಗದ್ದಲದಲ್ಲಂತೂ ಪ್ರಯತ್ನಿಸಲೇಬೇಡಿ. ಈ ಉಪಾಯ ಗ್ಲೆನ್ ಮಿಲ್ಲರ್ ಬಿಗ್ ಬ್ಯಾಂಡಿನ ಹೆಸರಾದ ಶೈಲಿಗೂ ಹೊಂದದು: ಅಲ್ಲಿ ಮೇಲೆ ಕ್ಲಾರಿನೆಟ್, ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸೊಫೋನ್. 1930ರ ದಶಕದ ಕೌಂಟ್ ಬೇಸಿ ಬಿಗ್ ಬ್ಯಾಂಡಿನ ರೆಕಾರ್ಡುಗಳಲ್ಲೂ ಅರೇಂಜರ್‌ನನ್ನು ಹುಡುಕಬೇಡಿ: ಎಷ್ಟೋ ಭಾಗ ಬರೆದದ್ದೇ ಅಲ್ಲ, ತಂಡದವರೇ ನುಡಿಸುತ್ತಾ ಕಟ್ಟಿದ್ದು.