ಗೆಳತಿಯ ಹೆಗಲಿಗೆ ಒಂದು ಕೆಂಪು ಸ್ಟೋಲ್

"ಅಂಗಡ್ಯಾಗಿಂದು ಬ್ಯಾಡ. ನೀನ ಹೊಲದು ಕೊಡು" ಅಂದಳು ಗೆಳತಿ. ಅವಳು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ ಡೀಕನ್ ಆಗಿದ್ದಳು. ಸಭಾಪಾಲಕಿ ಆಗುವ ಮುಂಚಿನ ಹಂತ ಅದು. ಇನ್ನು ಮೂರು ತಿಂಗಳಿಗೆ ಸಭಾಪಾಲಕಿಯ ದೀಕ್ಷೆ. ಅವತ್ತು ಬಿಳಿ ನಿಲುವಂಗಿಯ ಮೇಲೆ ಹೆಗಲಿಗೆ ಹಾಕಿಕೊಳ್ಳುವ ಉದ್ದ ಪಟ್ಟಿ, ಸ್ಟೋಲ್, ನನ್ನ ಕೈಯಿಂದಲೇ ಆಗಬೇಕು ಅನ್ನೋದು ಅವಳ ಆಸೆ.

ನಾವಿಬ್ಬರೂ ಧಾರವಾಡದ ಕಿಟೆಲ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನನ್ನದು ಲಿಂಗಾಯತರ ಮನೆ. ಅವಳದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನ ಕಾಲದಿಂದ ಕ್ರೈಸ್ತರಾದ ಮನೆ. ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಸಿಎಸ್‌ಐ ಆದದ್ದು 1947ರಲ್ಲಿ, ಅದು ಹೆಣ್ಣುಮಕ್ಕಳಿಗೆ ಈ ದೀಕ್ಷೆ ಕೊಡಲು ಶುರು ಮಾಡಿದ್ದು 1976ರಲ್ಲಿ. ಅವಳ ಅಜ್ಜಿಯ ಪ್ರಾಯದಲ್ಲಿ ಇದು ಆಗದ ಮಾತಾಗಿತ್ತು. ಅದಕ್ಕೇ ನನಗೂ ಈ ಬಟ್ಟೆಯ ಮೇಲೆ ಜಾಸ್ತಿ ಅಕ್ಕರೆ.

ನಾನು ಬ್ಲೌಸ್ ಹೊಲಿಯುತ್ತೇನೆ, ಕಸೂತಿ ಹಾಕುತ್ತೇನೆ. ಆದರೆ ಸ್ಟೋಲ್ ಒಂದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಹಳೆಯದೊಂದನ್ನು ತಂದುಕೊಡು ಅಂದೆ. ತಂದಳು. ಮೈತುಂಬ ಜರಿ ಲೇಸು, ಕಲ್ಲು. ತೂಕಕ್ಕೆ ಕುತ್ತಿಗೆಯ ಹತ್ತಿರ ಬಟ್ಟೆ ಮಡಿಚಿ ಹಗ್ಗದ ಹಾಗಾಗಿತ್ತು. ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಇಂಚು ಕೆಳಗೆ ಜೋತಿತ್ತು. ನನಗೆ ಅಲ್ಲೇ ಗೊತ್ತಾಯಿತು, ಚಂದ ಆಮೇಲಿನ ಮಾತು. ಮದುವೆ, ಮಣ್ಣು, ಭಾನುವಾರದ ಆರಾಧನೆ, ಎಲ್ಲದಕ್ಕೂ ಹಾಕಿಕೊಳ್ಳುವ ಬಟ್ಟೆ ಇದು. ಮೊದಲು ಹೆಗಲ ಮೇಲೆ ನಿಲ್ಲಬೇಕು.

ಬಣ್ಣ ಅವಳೇ ಹೇಳಿದಳು. ಕ್ರಿಸ್‌ಮಸ್, ಈಸ್ಟರ್‌ಗೆ ಬಿಳಿ, ಅವುಗಳ ಮುಂಚಿನ ತಯಾರಿಯ ದಿನಗಳಿಗೆ ನೇರಳೆ, ವರ್ಷದ ಉಳಿದ ಹೆಚ್ಚಿನ ದಿನಗಳಿಗೆ ಹಸಿರು. ಪವಿತ್ರಾತ್ಮ ಬೆಂಕಿಯ ನಾಲಿಗೆಗಳಂತೆ ಇಳಿದು ಬಂದ ಪೆಂತೆಕೊಸ್ತಿನ ದಿನಕ್ಕೆ ಕೆಂಪು. ದೀಕ್ಷೆಗೆ ಅವಳಿಗೆ ಆ ಕೆಂಪೇ ಬೇಕಿತ್ತು.

ಕೆಂಪು ಅಂದ ಕೂಡಲೇ ನನಗೆ ನೆನಪಾದದ್ದು ನಮ್ಮಜ್ಜಿಯ ಇಳಕಲ್ ಸೀರೆಯ ಸೆರಗು. ಪೆಟ್ಟಿಗೆಯಿಂದ ತೆಗೆದು ಮಡಿಕೆ ಬಿಡಿಸಿದೆ. ಮಡಿಕೆ ಇದ್ದ ಜಾಗದಲ್ಲೆಲ್ಲ ಬಟ್ಟೆ ಪಿಸಿದಿತ್ತು. ಬೆರಳು ಒತ್ತಿದರೆ ಹರಿಯುತ್ತಿತ್ತು. ಮನಸ್ಸಿಗೆ ಬೇಜಾರಾಯಿತು, ಆದರೆ ದಿನಬಳಕೆಗೆ ಅಂಥ ಬಟ್ಟೆ ಹಾಕಲೇಬಾರದು. ಪರಿಚಯದ ನೇಕಾರರಿಂದ ಅದೇ ಸೆರಗಿನ ಕೆಂಪಿನ ಹತ್ತಿ-ರೇಷ್ಮೆ ಬಟ್ಟೆ ಒಂದೂವರೆ ಮೀಟರ್ ತರಿಸಿದೆ. ತುಂಡೊಂದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ನೀರಲ್ಲಿ ನೆನೆಹಾಕಿದೆ. ಬಣ್ಣ ಬಿಡಲಿಲ್ಲ. ಕೆಂಪು ಬಟ್ಟೆ ಬಿಳಿ ನಿಲುವಂಗಿಯ ಮೇಲೆ ಕೂರುವಾಗ ಈ ಪರೀಕ್ಷೆ ಬಿಡುವ ಹಾಗಿಲ್ಲ.

ಅಳತೆ ಹೇಳುತ್ತೇನೆ. ಅವಳ ಎತ್ತರ 5 ಅಡಿ 2 ಇಂಚು. ಕತ್ತಿನ ಹಿಂದಿನಿಂದ ಮೊಣಕಾಲಿನ ಕೆಳಗಿನವರೆಗೆ 46 ಇಂಚು. ಕೆಳಗಿನ ಅಗಲ ನಾಲ್ಕೂಕಾಲು, ಕುತ್ತಿಗೆಯ ಹತ್ತಿರ ಮೂರು. ಎರಡು ಪಟ್ಟಿ, ಕತ್ತಿನ ಹಿಂದೆ ಒಂದು ಜೋಡಣೆ. ಆ ಜೋಡಣೆಯನ್ನು ನೇರ ಕತ್ತರಿಸಬಾರದು, ಸ್ವಲ್ಪ ಓರೆ ಬೇಕು. ಕುತ್ತಿಗೆಗೆ ತಾಗುವ ಅಂಚು ಗಿಡ್ಡ, ಬೆನ್ನಿನ ಕಡೆಯ ಅಂಚು ಮುಕ್ಕಾಲು ಇಂಚು ಉದ್ದ. ಆಗ ಬಟ್ಟೆ ಕತ್ತಿನ ಹಿಂದೆ ಎದ್ದು ನಿಲ್ಲದೆ ಚಪ್ಪಟೆಯಾಗಿ ಕೂರುತ್ತದೆ. ಇದು ಗೊತ್ತಾಗುವಷ್ಟರಲ್ಲಿ ಹಳೆ ಬೆಡ್‌ಶೀಟಿನಲ್ಲಿ ಮೂರು ಸಲ ಕತ್ತರಿಸಿ ನೋಡಿದ್ದೆ. ಒಂದು ಎಳೆ ಎಳೆದು ಬಟ್ಟೆಯ ನೇರ ಕಂಡುಕೊಂಡು, ಅಂಚಿನ ಗೆರೆಗೆ ಕಚ್ಚಾ ಹೊಲಿಗೆ ಹಾಕಿದೆ. ಕತ್ತರಿ ಮಾತ್ರ ಮುಟ್ಟಲಿಲ್ಲ. ಕಸೂತಿ ಮುಗಿದ ಮೇಲೆಯೇ ಕತ್ತರಿಸಬೇಕು, ಇಲ್ಲವಾದರೆ ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ.

ಯಾವ ಚಿತ್ತಾರ ಹಾಕೋದು? ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ನವಿಲು, ಆನೆ, ಎಲ್ಲ ಇವೆ. ಇವನ್ನು ಚರ್ಚಿಗೆ ಹೇಗೆ ಹಾಕಲಿ ಅಂತ ಎರಡು ದಿನ ಸುಮ್ನೆ ಕೂತೆ. ಅವಳು ಸಿಎಸ್‌ಐ ಲಾಂಛನ ತೋರಿಸಿದಳು. ಅದರಲ್ಲಿ ಕಮಲವಿದೆ, ಶಿಲುಬೆಯಿದೆ, ಬೆಂಕಿಯ ನಾಲಿಗೆಗಳಿವೆ. ಕಮಲ ನಮ್ಮಜ್ಜಿ ನನಗೆ ಕಲಿಸಿದ ಮೊದಲನೇ ಹೂವು! ಲಾಂಛನವನ್ನು ಹಾಗೇ ಇಳಿಸಲಿಲ್ಲ. ಅಜ್ಜಿಯ ಕಮಲವನ್ನೇ ಹಾಕಿ, ಅದರ ನಡುವೆ ಸಣ್ಣ ಶಿಲುಬೆ ಎಬ್ಬಿಸಿದೆ. ಎರಡೂ ತುದಿಗೆ ಒಂದೊಂದು, ಕೆನೆ ಬಣ್ಣದ ದಾರದಲ್ಲಿ.

ಕಸೂತಿಗೆ ಗೆರೆ ಎಳೆಯುವ ಹಾಗಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಈ ಬಟ್ಟೆಯಲ್ಲಿ ಹಾಸು ಸಣ್ಣದು, ಹೊಕ್ಕು ದಪ್ಪ. ಎಣಿಸಿ ಹಾಕಿದರೆ ಕಮಲ ಸೊರಗಿ ಉದ್ದವಾಯಿತು. ಬಿಚ್ಚಿ, ಮೇಲೆ ಮ್ಯಾಟಿ ಅನ್ನೋ ತೂತು ತೂತಾದ ನೇಯ್ಗೆಯ ಬಟ್ಟೆ ಇಟ್ಟು ಅದರ ತೂತುಗಳನ್ನೇ ಎಣಿಸಿದೆ. ಸೂಜಿ ಮ್ಯಾಟಿಯ ಎಳೆಗೆ ಚುಚ್ಚಬಾರದು, ತೂತಿನಲ್ಲೇ ಇಳಿಯಬೇಕು. ಕಸೂತಿ ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನು ಎಳೆದು ತೆಗೆಯಬೇಕು, ಚುಚ್ಚಿದರೆ ಅವು ಹೊರಗೆ ಬರುವುದಿಲ್ಲ.

ಹಾಕಿದ್ದು ಗವಂತಿ ಅನ್ನೋ ಕಸೂತಿ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಗಂಟು ಹಾಕುವುದಿಲ್ಲ. ಎರಡೂ ಕಡೆ ಒಂದೇ ಥರ ಕಾಣುತ್ತದೆ. ಎಣಿಕೆ ಎಲ್ಲೋ ತಪ್ಪಿದರೆ ಹೊರಟ ಜಾಗಕ್ಕೆ ದಾರ ವಾಪಸ್ ಬರುವುದೇ ಇಲ್ಲ. ಬಲಗಡೆಯ ಕಮಲದ ಐದನೇ ದಳದಲ್ಲಿ ನನಗೆ ಹಾಗೇ ಆಯಿತು. ರಾತ್ರಿ ಹತ್ತಕ್ಕೆ ಒಂದು ತೂತು ಹೆಚ್ಚು ಎಣಿಸಿದ್ದು ಬೆಳಿಗ್ಗೆ ಕಂಡಿತು. ಎರಡು ಸಂಜೆಯ ಕೆಲಸ ಬಿಚ್ಚಿದೆ. ಅವತ್ತಿನಿಂದ ದೀಪದ ಬೆಳಕಿನಲ್ಲಿ ಎಣಿಸುವುದು ಬಿಟ್ಟು ಹಗಲಲ್ಲೇ ಕೂತೆ. ಕೊನೆಗೆ ಮ್ಯಾಟಿಯನ್ನು ಒದ್ದೆ ಮಾಡಿ ಚಿಮಟದಿಂದ ಒಂದೊಂದೇ ಎಳೆ ಎಳೆದೆ. ಕೊನೆಯ ಎಳೆ ಬಂದಾಗ ಕಮಲ ಕೆಂಪಿನ ಮೇಲೆ ಒಂಟಿಯಾಗಿ ನಿಂತಿತ್ತು. ಸ್ವಲ್ಪ ಹೊತ್ತು ಕೈ ಆಡಿಸುತ್ತಾ ಕೂತುಬಿಟ್ಟೆ.

ದೊಡ್ಡ ಎಡವಟ್ಟು ಆದದ್ದು ಆಮೇಲೆ. ಬಟ್ಟೆ ನಿಲ್ಲಲಿ ಅಂತ ಹಿಂದೆ ಇಸ್ತ್ರಿಯಿಂದ ಅಂಟುವ ಕ್ಯಾನ್ವಾಸ್ ಹಾಕಿದೆ. ಆ ಕ್ಯಾನ್ವಾಸನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿರಲಿಲ್ಲ. ಹಬೆ ತಾಗಿದ್ದೇ ತಡ, ಕ್ಯಾನ್ವಾಸ್ ಕುಗ್ಗಿ ರೇಷ್ಮೆಯಲ್ಲಿ ಗುಳ್ಳೆ ಎದ್ದವು. ಕಸೂತಿ ಮುಗಿದ ಪಟ್ಟಿ ಅದು, ಜೀವ ಬಾಯಿಗೆ ಬಂತು. ಬಿಸಿ ಇರುವಾಗಲೇ ಮೆಲ್ಲಗೆ ಸುಲಿದೆ. ಅಂಟಿನ ಗುರುತು ಹಿಂಬದಿಯಲ್ಲಿ ಉಳಿಯಿತು, ಮುಂದೆ ಕಾಣಲಿಲ್ಲ. ಆಮೇಲೆ ಎರಡು ಸಲ ಒಗೆದ ಕೋರಾ ಹತ್ತಿ ಬಟ್ಟೆಯನ್ನೇ ಒಳಗಿಟ್ಟು ಕೈಯಿಂದ ಟಾಕು ಹಾಕಿದೆ. ಹಗುರವಾಗಿ, ಮೆತ್ತಗೆ ಬಿತ್ತು. ಇನ್ನು ಮುಂದೆ ಅಂಟಿಸುವ ಕ್ಯಾನ್ವಾಸ್ ಇಂಥ ಕೆಲಸಕ್ಕೆ ಮುಟ್ಟುವುದಿಲ್ಲ.

ಲೈನಿಂಗ್ ಕೂರಿಸಿ, ಕೆಳಗಿನ ತುದಿ ಮಾತ್ರ ಹೊಲಿಯದೆ ಎರಡು ದಿನ ಹ್ಯಾಂಗರಿಗೆ ತೂಗುಹಾಕಿದೆ. ಲೈನಿಂಗ್ ಕಾಲು ಇಂಚು ಇಳಿಯಿತು. ಅದನ್ನು ಕತ್ತರಿಸಿ ಆಮೇಲೆ ಹೆಮ್ಮಿಂಗ್ ಮಾಡಿದೆ. ಕತ್ತಿನ ಹಿಂದೆ ಒಂದು ಪುಟ್ಟ ಶಿಲುಬೆ ಹಾಕಿದೆ. ಅದರ ಒಳಬದಿಗೆ ಬಿಳಿ ಹತ್ತಿಯ ಪಟ್ಟಿ, ಎರಡೇ ಎಳೆಯಿಂದ ಸಡಿಲವಾಗಿ. ಅವಳ ಜಡೆ ದೊಡ್ಡದು, ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಬೆವರು, ಎಣ್ಣೆ ಎಲ್ಲ ಆ ಪಟ್ಟಿಗೆ ಹೋಗಲಿ, ಬಿಚ್ಚಿ ಒಗೆದು ಮತ್ತೆ ಹಾಕಬಹುದು ಅಲ್ವಾ.

ದೀಕ್ಷೆಯ ದಿನ ನಾನು ಮೂರನೇ ಸಾಲಿನಲ್ಲಿದ್ದೆ. ಡೀಕನ್ ಆಗಿದ್ದಾಗ ಸ್ಟೋಲ್ ಎಡ ಹೆಗಲಿಂದ ಅಡ್ಡಲಾಗಿ ಬರುತ್ತಿತ್ತು. ಬಿಷಪ್ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಆಮೇಲೆ ಕೆಂಪು ಸ್ಟೋಲ್ ಎರಡೂ ಹೆಗಲಿಂದ ಮುಂದಕ್ಕೆ ಇಳಿಯಿತು. ಅವಳ ಅಮ್ಮ ಅಳುತ್ತಿದ್ದರು. ನನ್ನ ಕಣ್ಣು ಮಾತ್ರ ಕೆಳಗಿನ ಎರಡು ತುದಿಗಳ ಮೇಲಿತ್ತು. ಅವಳು ಎದ್ದು ನಿಂತು ತಿರುಗಿದಳು. ಎರಡೂ ಕಮಲ ಒಂದೇ ಮಟ್ಟದಲ್ಲಿದ್ದವು. ಆಗ ನನಗೂ ಅಳು ಬಂತು.

ಕತ್ತಿನ ಬಿಳಿ ಪಟ್ಟಿ ಈಗ ಮೂರನೆಯದು. ಹೋದ ವಾರ ಅದನ್ನು ಬದಲಾಯಿಸಲು ಬಂದವಳು ನೇರಳೆ ಬಟ್ಟೆಯ ಮಾತೆತ್ತಿದಳು. ಬಟ್ಟೆ ತರಿಸಿದ್ದೇನೆ, ತುಂಡು ನೀರಲ್ಲಿ ನೆನೆಯುತ್ತಿದೆ.