ಟೊಮೆಟೊ ಸಸಿ ಕೀಳಬೇಡಿ, ಕತ್ತರಿಸಿ

ಟ್ರೇಯಲ್ಲಿ ಒತ್ತಾಗಿ ಬಂದ ಟೊಮೆಟೊ ಸಸಿಗಳಲ್ಲಿ ಗುಣಿಗೊಂದನ್ನು ಉಳಿಸಿ, ಹೆಚ್ಚಿನದನ್ನು ನಾನು ಕೀಳುವುದಿಲ್ಲ, ಕತ್ತರಿಸುತ್ತೇನೆ. ತಾರಸಿ ತೋಟದ ಗೆಳೆಯರು ಮೊದಮೊದಲು ಯಾರೂ ಒಪ್ಪಲಿಲ್ಲ. "ಚೆನ್ನಾಗಿ ಬಂದ ಸಸೀನ ಸುಮ್ನೆ ಯಾಕೆ ಸಾಯಿಸ್ತೀರಾ, ಕಿತ್ತು ಬೇರೆ ಕಡೆ ನೆಡಬಹುದಲ್ವಾ?" ಅಂದರು. ಈ ಸಲದ ಗಿಡ ನೋಡಿದ ಮೇಲೆ ಅವರೇ ವಿಧಾನ ಕೇಳುತ್ತಿದ್ದಾರೆ.

ಕಿತ್ತು ನೆಡುವುದನ್ನೂ ಮಾಡಿ ನೋಡಿದ್ದೇನೆ. ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಎರಡು ಸಸಿಯ ಬೇರು ಹೆಣೆದುಕೊಂಡಿರುತ್ತದೆ. ಒಂದನ್ನು ಎಳೆದರೆ ಪಕ್ಕದ್ದೂ ಅರ್ಧ ಮೇಲೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಬೇರು ಹರಿದ ಕಡೆ ಬುಡ ಕೊಳೆಯುತ್ತದೆ. ಕಳೆದ ಬೇಸಿಗೆಯಲ್ಲಿ ಕಿತ್ತ ಸಸಿಗಳಿಗೆಂದೇ ಗ್ರೋ ಬ್ಯಾಗ್, ಕೋಕೋಪೀಟ್, ಎರೆಗೊಬ್ಬರ ಅಂತ ಸಾವಿರದ ಇನ್ನೂರರ ಹತ್ತಿರ ಖರ್ಚಾಯಿತು, ಸಿಕ್ಕಿದ್ದು ಎರಡು ಕೆಜಿ ಹಣ್ಣು! ಬೀಜ ಉಳಿಸೋಣ ಅಂತ ಇಷ್ಟೆಲ್ಲ. ಹತ್ತು ಗ್ರಾಂ ಪೊಟ್ಟಣದಲ್ಲಿ ಮೂರು ಸಾವಿರದಷ್ಟು ಬೀಜ ಇರುತ್ತದೆ, ನಾಲ್ಕೈದು ಮನೆಯವರು ಹಂಚಿಕೊಂಡರೆ ಬೀಜದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಈ ಸಲ ಹಾಕಿದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುರುಟು, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್), ಮೂರನ್ನೂ ತಾಳಿಕೊಳ್ಳುವ ತಳಿ. ಗುಣಿಗೆ ಎರಡೆರಡು ಬೀಜ. ಬೀಜದೆಲೆ (ಮೊಳೆತಾಗ ಮೊದಲು ಬರುವ ಜೋಡಿ ಎಲೆ) ಪೂರ್ತಿ ಬಿಚ್ಚಿ, ನಡುವೆ ನಿಜವಾದ ಎಲೆ ಕಿರುಬೆರಳ ಉಗುರಿನಷ್ಟು ಆದಾಗ ಕತ್ತರಿ ಹಾಕುತ್ತೇನೆ. ದಾರ ಕತ್ತರಿಸುವ ನಲವತ್ತು ರೂಪಾಯಿಯ ಸಣ್ಣ ಕತ್ತರಿ ಸಾಕು, ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಬೇಕು. ಕಾಂಡವನ್ನು ಮಣ್ಣಿನ ಮಟ್ಟಕ್ಕೇ ಕತ್ತರಿಸಬೇಕು. ಬೀಜದೆಲೆ ಬಿಟ್ಟು ಮೇಲೆ ಕತ್ತರಿಸಿದರೆ ಎಲೆಯ ಕಂಕುಳಲ್ಲಿ ಮತ್ತೆ ಚಿಗುರು ಬರುತ್ತದೆ, ಮತ್ತದೇ ಪೈಪೋಟಿ.

ಯಾವುದನ್ನು ಉಳಿಸಬೇಕು? ಎತ್ತರದ್ದನ್ನಂತೂ ಅಲ್ಲ. ಬೆಳಕಿಗೆ ಕತ್ತು ಚಾಚಿದ ಸಸಿ ಅದು, ಕಾಂಡ ದಾರದಂತೆ ಇರುತ್ತದೆ. ಗಿಡ್ಡಗಿದ್ದು, ಕಾಂಡ ನೇರಳೆ ಬಣ್ಣಕ್ಕೆ ತಿರುಗಿ ಮೈತುಂಬ ರೋಮ ಇರುವುದೇ ನನ್ನ ಆಯ್ಕೆ. ಕತ್ತರಿಸಿದ ಮೇಲೆ ಬುಡಕ್ಕೆ ಒಂದು ಪುಡಿ ಉದುರಿಸುತ್ತೇನೆ. ಅದೇನು ಅಂತ ಈಗ ಹೇಳುವುದಿಲ್ಲ, ಇನ್ನೊಂದು ಬೆಳೆ ನೋಡಬೇಕು.

ಕತ್ತರಿಸಿದ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಒದ್ದೆ ಮರಳಲ್ಲಿ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ ನೆರಳಲ್ಲಿಟ್ಟೆ. ಹತ್ತು ದಿನದ ಆಸುಪಾಸಿಗೆ ಅರ್ಧಕ್ಕರ್ಧ ಬೇರು ಬಿಟ್ಟವು! ಟೊಮೆಟೊ ಕಾಂಡಕ್ಕೆ ಆ ಗುಣ ಇದೆ. ಆದರೆ ಹಣ್ಣು ಎರಡು ವಾರ ತಡವಾಯಿತು. ಮೆಣಸಿನಕಾಯಿ ಸಸಿಯಲ್ಲೂ ಮಾಡಿದೆ, ಒಂದೆರಡು ಬಿಟ್ಟರೆ ಎಲ್ಲ ಕೊಳೆತವು.

ಉಳಿಸಿದ ಸಸಿಗಳನ್ನು ಇಪ್ಪತ್ತೈದು ದಿನಕ್ಕೆ ಬೀಜದೆಲೆಯವರೆಗೆ ಹೂತು ನೆಟ್ಟೆ. ಹನ್ನೆರಡು ಬ್ಯಾಗಿನಲ್ಲಿ ಗಿಡಕ್ಕೆ ಎರಡೂವರೆ, ಮೂರು ಕೆಜಿ ಹಣ್ಣು ಬಂತು. ನಮ್ಮ ಬೀದಿಯಲ್ಲಿ ಇಷ್ಟು ಯಾರಿಗೂ ಬಂದಿಲ್ಲ. ಬೇಸಿಗೆಯಲ್ಲಿ ಬಿತ್ತುವವರು ಟ್ರೇ ಮೇಲೆ ನೈಲಾನ್ ಬಲೆ ಕಟ್ಟಲೇಬೇಕು, ಎಲೆ ಮುರುಟು ತರುವ ಬಿಳಿ ನೊಣ ಎಳೆ ಸಸಿಯನ್ನೇ ಮೊದಲು ಹುಡುಕಿಕೊಂಡು ಬರುತ್ತದೆ.